‘ಡಬ್ಬಿ ಖಾಲಿ ಮಾಡೀರೇನ್ರಿ?’ – ಮತಯಂತ್ರ, ಜಾವಾ ಮತ್ತು ನಮ್ಮ ಆಳಂದದ ಅರ್ಜಿಗಳು

ಕಳೆದ ದೀಪಾವಳಿಯ ರಜೆಗೆ ಕಲಬುರಗಿಯಿಂದ ಖಜೂರಿಗೆ ಬಂದಿದ್ದ ನನ್ನ ಮೊಮ್ಮಗಳು ಪಡಸಾಲೆಯಲ್ಲಿ ಕುಳಿತು ಲ್ಯಾಪ್‌ಟಾಪಿನೊಡನೆ ಜಗಳವಾಡುತ್ತಿದ್ದಳು. ಎಂಜಿನಿಯರಿಂಗ್ ಎರಡನೆಯ ವರ್ಷ, ವಿಷಯ ಜಾವಾ. ಬ್ಯಾಂಕ್ ಖಾತೆಯೊಂದನ್ನು ಗಣಕದಲ್ಲಿ ರಚಿಸಿ, ಅದರಲ್ಲಿ ಹಣ ಜಮೆ ಮಾಡುವ ಮತ್ತು ತೆಗೆಯುವ ಕ್ರಿಯೆಗಳಿಗೆ ಪರೀಕ್ಷೆಗಳನ್ನು ಬರೆದು ತರಬೇಕೆಂದು ಅವಳ ಅಧ್ಯಾಪಕರು ಹೇಳಿದ್ದರಂತೆ.

“ಮುತ್ಯಾ, ಒಂದೊಂದೇ ಓಡಿಸಿದ್ರ ಎಲ್ಲಾ ಪಾಸಾಗ್ತಾವ. ಕೂಡಿಸಿ ಓಡಿಸಿದ್ರ ಫೇಲಾಗ್ತಾವ” ಎಂದಳು.

ಮೊದಲ ಪರೀಕ್ಷೆಯಲ್ಲಿ 500 ರೂಪಾಯಿ ಜಮೆ ಮಾಡಿ, ಶಿಲ್ಕು 500 ಇದೆಯೇ ಎಂದು ಕೇಳಿದ್ದಳು. ಎರಡನೆಯದರಲ್ಲಿ 200 ಜಮೆ ಮಾಡಿ, 200 ಇದೆಯೇ ಎಂದು ಕೇಳಿದ್ದಳು. ಯಂತ್ರ 700 ಎನ್ನುತ್ತಿತ್ತು. ಆ 700 ಎಂಬ ಅಂಕಿಯನ್ನು ಕಂಡೊಡನೆ ನನಗೆ 2004ರ ಏಪ್ರಿಲ್ ತಿಂಗಳ ಒಂದು ಬೆಳಗು ನೆನಪಾಗಿ ಮೈ ಬೆವರಿತು. ಓದುಗರು ಕ್ಷಮಿಸಬೇಕು, ಈ ಲೇಖನ ಗಣಕದ ಇತಿಹಾಸವೊಂದನ್ನು ಹೇಳಹೊರಟಿದ್ದರೂ ಅದು ಹೊರಡುವುದು ಒಂದು ಶಾಲಾ ಕೊಠಡಿಯ ಮತಗಟ್ಟೆಯಿಂದ.

ಆ ವರ್ಷ ಲೋಕಸಭೆಗೂ ನಮ್ಮ ವಿಧಾನಸಭೆಗೂ ಚುನಾವಣೆ ಕೂಡಿಯೇ ಬಂದಿತ್ತು. ದೇಶದ 543 ಲೋಕಸಭಾ ಕ್ಷೇತ್ರಗಳಲ್ಲಿಯೂ ವಿದ್ಯುನ್ಮಾನ ಮತಯಂತ್ರವೇ ಬಳಕೆಯಾದದ್ದು ಅದೇ ಮೊದಲು. ಕಾಗದದ ಚೀಟಿ, ತಗಡಿನ ಪೆಟ್ಟಿಗೆಗಳಿಗೆ ಒಗ್ಗಿದ್ದ ನಮ್ಮಂತಹ ಮಾಸ್ತರರ ಕೈಗೆ ಯಂತ್ರವನ್ನಿತ್ತು ಪ್ರಿಸೈಡಿಂಗ್ ಆಫೀಸರರನ್ನಾಗಿ ಕಳುಹಿಸಿದ್ದರು. ಊರಿನ ಹೆಸರು ಬೇಡ. ಬೆಳಗಿನ ಜಾವ ಏಜೆಂಟರ ಎದುರಿನಲ್ಲಿ ಅಣಕು ಮತದಾನ ನಡೆಸಿದೆವು. ಪ್ರತಿಯೊಬ್ಬ ಅಭ್ಯರ್ಥಿಯ ಎದುರಿನ ಗುಂಡಿಯನ್ನೂ ಒತ್ತಿದೆವು. ಯಾರಿಗೆ ಎಷ್ಟು ಒತ್ತಿದೆವೆಂಬುದನ್ನು ಕಾಗದದ ಮೇಲೆ ಗೀಚಿಕೊಂಡೆವು. ‘ಕ್ಲೋಸ್’ ಒತ್ತಿ, ‘ರಿಸಲ್ಟ್’ ಒತ್ತಿ, ಕಾಗದದ ಲೆಕ್ಕವೂ ಯಂತ್ರದ ಲೆಕ್ಕವೂ ತಾಳೆಯಾದುದನ್ನು ಕಂಡು ಸಂತೋಷಪಟ್ಟೆವು. ಆ ಸಂತೋಷದಲ್ಲಿಯೇ ನಾನು ಅರಗು, ದಾರ, ಹಸಿರು ಕಾಗದದ ಮುದ್ರೆ ಎಲ್ಲವನ್ನೂ ಕೈಗೆತ್ತಿಕೊಂಡು ಯಂತ್ರವನ್ನು ಮುಚ್ಚಲು ಹೊರಟೆ. ಮೂಲೆಯಲ್ಲಿ ಕುಳಿತಿದ್ದ ಮುದುಕ ಏಜೆಂಟನೊಬ್ಬ, ಧೋತರದ ಚುಂಗಿನಿಂದ ಮುಖ ಒರೆಸಿಕೊಳ್ಳುತ್ತ, ನಿಧಾನವಾಗಿ ಕೇಳಿದ:

“ಗುರುಗಳೇ, ಡಬ್ಬಿ ಖಾಲಿ ಮಾಡೀರೇನ್ರಿ?”

ಮಾಡಿರಲಿಲ್ಲ. ‘ಕ್ಲಿಯರ್’ ಗುಂಡಿಯನ್ನು ನಾನು ಒತ್ತಿರಲಿಲ್ಲ. ಆತ ಕೇಳದೆ ಇದ್ದಿದ್ದರೆ ನಾವು ಆಟಕ್ಕೆಂದು ಒತ್ತಿದ ಮತಗಳು ಯಂತ್ರದೊಳಗೇ ಉಳಿದುಬಿಡುತ್ತಿದ್ದವು. 700 ಎಂದರೆ ಅದೇ: ಹಿಂದಿನ ಪರೀಕ್ಷೆಯ ಉಳಿಕೆ.

ಮೊಮ್ಮಗಳಿಗೆ ಇದನ್ನು ಹೇಳಿದಾಗ ಅವಳು ಒಂದು ಕ್ಷಣ ಸುಮ್ಮನಿದ್ದು, ತನ್ನ ಖಾತೆಯನ್ನು ‘ಸ್ಟ್ಯಾಟಿಕ್’ ಎಂದು ಘೋಷಿಸಿದ್ದನ್ನು ಹುಡುಕಿ ತೆಗೆದಳು. ಎಂದರೆ ಎಲ್ಲ ಪರೀಕ್ಷೆಗಳಿಗೂ ಸೇರಿ ಒಂದೇ ಖಾತೆ. ಅದನ್ನು ತೆಗೆದು ಪ್ರತಿ ಪರೀಕ್ಷೆಗೂ ಹೊಸ ಖಾತೆ ಮಾಡಿದೊಡನೆ ಎಲ್ಲವೂ ಹಸಿರಾದವು. ಅಂದಿನಿಂದ ನಾನು ಅವಳ ಪುಸ್ತಕಗಳನ್ನು ಓದತೊಡಗಿದೆ. ಗಣಿತದ ಮಾಸ್ತರನಾದ್ದರಿಂದ ತೀರ ಅಪರಿಚಿತವೆನಿಸಲಿಲ್ಲ.

ಗಣಿತದಲ್ಲಿ ನಾವು ಕಲಿಸುವ ಫಲನವು ಒಂದು ಸಾಧು ಪ್ರಾಣಿ. 49ರ ವರ್ಗಮೂಲ ಕೇಳಿ, 7 ಎನ್ನುತ್ತದೆ. ನೂರು ಸಲ ಕೇಳಿದರೂ 7. ಕೇಳಿದ್ದರಿಂದ ಜಗತ್ತಿನಲ್ಲಿ ಏನೂ ಬದಲಾಗುವುದಿಲ್ಲ. ಅದನ್ನು ಪರೀಕ್ಷಿಸುವುದು ಸುಲಭ: ಪ್ರಶ್ನೆ ಹಾಕಿ, ಉತ್ತರ ನೋಡಿ, ಸರಿಯೋ ತಪ್ಪೋ ಎನ್ನಿರಿ. ಆದರೆ ಗಣಕದಲ್ಲಿ ಇನ್ನೊಂದು ಜಾತಿಯ ಕ್ರಿಯೆಗಳಿವೆ. ಅವು ಉತ್ತರವನ್ನೇ ಕೊಡುವುದಿಲ್ಲ. ಸದ್ದಿಲ್ಲದೆ ಏನನ್ನೋ ಬದಲಿಸಿ ಹೋಗುತ್ತವೆ. ಜಾವಾದಲ್ಲಿ ಇಂತಹ ಮೆಥಡ್‌ಗಳ ಹಿಂದೆ ‘ವಾಯ್ಡ್’ ಎಂಬ ಪದವಿರುತ್ತದೆ, ಬರಿದು ಎಂದರ್ಥ. ಮತಯಂತ್ರದ ಗುಂಡಿ ಅಂಥದು. ಒತ್ತಿದರೆ ‘ಬೀಪ್’ ಎನ್ನುತ್ತದೆ, ಅದು ಉತ್ತರವಲ್ಲ. ಒಳಗೆ ಯಾರ ಲೆಕ್ಕ ಏರಿತೆಂಬುದು ಆ ಸದ್ದಿನಿಂದ ತಿಳಿಯದು. ಆದ್ದರಿಂದ ಇದನ್ನು ಪರೀಕ್ಷಿಸಬೇಕಾದರೆ ಮೊದಲು ಯಂತ್ರವನ್ನು ತಿಳಿದ ಸ್ಥಿತಿಯಲ್ಲಿ ಇರಿಸಬೇಕು, ಗುಂಡಿ ಒತ್ತಬೇಕು, ಆಮೇಲೆ ಬೇರೊಂದು ದಾರಿಯಿಂದ ಒಳಗಿನ ಸ್ಥಿತಿಯನ್ನು ಕೇಳಿ ನೋಡಬೇಕು, ಕೊನೆಗೆ ಪರೀಕ್ಷೆಯ ಗುರುತೇ ಉಳಿಯದಂತೆ ಅಳಿಸಬೇಕು. ಅಣಕು ಮತದಾನವೆಂದರೆ ಇಷ್ಟೇ.

ಕೇಳುವ ದಾರಿಯೂ ಶುದ್ಧವಾಗಿರಬೇಕು. ಯಂತ್ರದಲ್ಲಿ ‘ಟೋಟಲ್’ ಎಂಬ ಗುಂಡಿಯುಂಟು. ಅದು ಅಲ್ಲಿಯವರೆಗೆ ಬಿದ್ದ ಒಟ್ಟು ಮತಗಳನ್ನು ತೋರಿಸುತ್ತದೆ; ಯಾರಿಗೆಂದು ಹೇಳುವುದಿಲ್ಲ; ಎಷ್ಟು ಸಲ ಒತ್ತಿದರೂ ಒಂದು ಮತವೂ ಹೆಚ್ಚುಕಡಿಮೆಯಾಗುವುದಿಲ್ಲ. ಕೇಳುವ ಕ್ರಿಯೆ ಬೇರೆ, ಮಾಡುವ ಕ್ರಿಯೆ ಬೇರೆ ಇರಬೇಕು, ಎರಡನ್ನೂ ಒಂದೇ ಗುಂಡಿಗೆ ಕಟ್ಟಬಾರದು ಎಂಬುದನ್ನು ಬರ್ಟ್ರಾಂಡ್ ಮೇಯರ್ ಎಂಬ ಫ್ರೆಂಚ್ ಗಣಕ ವಿಜ್ಞಾನಿ 1988ರ ತನ್ನ ಗ್ರಂಥದಲ್ಲಿ ನಿಯಮವಾಗಿಯೇ ಹೇಳಿದ್ದಾನೆ.

ಯಂತ್ರದ ಕತೆ ಹಳೆಯದು. 1979ರಲ್ಲಿ ಹೈದರಾಬಾದಿನ ಇಸಿಐಎಲ್ ಸಂಸ್ಥೆ ಮೊದಲ ಮಾದರಿಯನ್ನು ಸಿದ್ಧಪಡಿಸಿತು. ಮುಂದೆ ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಕೂಡಿಕೊಂಡಿತು. 1982ರ ಮೇ ತಿಂಗಳಲ್ಲಿ ಕೇರಳದ ಪರವೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ ಅದನ್ನು ಮೊದಲಿಗೆ ಬಳಸಿದರು. 1984ರಲ್ಲಿ ಸುಪ್ರೀಂ ಕೋರ್ಟು, ಕಾನೂನಿನಲ್ಲಿ ಅವಕಾಶವಿಲ್ಲದೆ ಯಂತ್ರ ಬಳಸುವಂತಿಲ್ಲವೆಂದು ಆ ಮತದಾನವನ್ನು ತಳ್ಳಿಹಾಕಿತು. ಯಂತ್ರ ತಪ್ಪು ಎಣಿಸಿತೆಂದಲ್ಲ. ಕಾನೂನು ಇನ್ನೂ ಚೀಟಿ, ಪೆಟ್ಟಿಗೆಗಳ ಮಾತನ್ನೇ ಆಡುತ್ತಿತ್ತು. ಪ್ರಜಾಪ್ರತಿನಿಧಿ ಕಾಯಿದೆಗೆ ತಿದ್ದುಪಡಿಯಾಗಿ, ಅದು 1989ರ ಮಾರ್ಚಿನಲ್ಲಿ ಜಾರಿಗೆ ಬಂದ ಮೇಲೂ ಯಂತ್ರಗಳು ಹತ್ತು ವರ್ಷದಷ್ಟು ಕಾಲ ಉಗ್ರಾಣದಲ್ಲಿ ಉಳಿದು, 1998ರಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ದಿಲ್ಲಿಗಳ ಕೆಲವು ಕ್ಷೇತ್ರಗಳಲ್ಲಿ ಮರಳಿ ಹೊರಬಂದವು.

ಇದೇ ಕಾಲದಲ್ಲಿ, ಭೂಗೋಲದ ಆ ಕಡೆ, ಇನ್ನೊಂದು ಗುಂಡಿಗಳ ಕತೆ ನಡೆಯುತ್ತಿತ್ತು. 1991ರಲ್ಲಿ ಅಮೆರಿಕದ ಸನ್ ಮೈಕ್ರೊಸಿಸ್ಟಮ್ಸ್ ಸಂಸ್ಥೆಯ ಜೇಮ್ಸ್ ಗಾಸ್ಲಿಂಗ್ ಮತ್ತು ಸಂಗಡಿಗರು ಟಿವಿ ಮೊದಲಾದ ಗೃಹೋಪಯೋಗಿ ಸಾಧನಗಳನ್ನು ನಡೆಸಲೆಂದು ಹೊಸ ಭಾಷೆಯೊಂದನ್ನು ಕಟ್ಟತೊಡಗಿದರು. ಕಚೇರಿಯ ಹೊರಗಿದ್ದ ಮರದಿಂದ ಅದಕ್ಕೆ ಮೊದಲು ‘ಓಕ್’ ಎಂದು ಹೆಸರು. ಅದೇ 1995ರ ಮೇ ತಿಂಗಳಲ್ಲಿ ‘ಜಾವಾ’ ಎಂಬ ಹೆಸರಿನಿಂದ ಲೋಕಕ್ಕೆ ಪ್ರಕಟವಾಯಿತು. ಹೀಗೆ ಜಾವಾ ಹುಟ್ಟಿದ್ದೇ ಗುಂಡಿ ಒತ್ತಿದರೆ ಸ್ಥಿತಿ ಬದಲಿಸುವ ಪೆಟ್ಟಿಗೆಗಳಿಗಾಗಿ. ಆದರೆ ಅಂತಹ ಬದಲಾವಣೆಯನ್ನು ಕ್ರಮಬದ್ಧವಾಗಿ ಪರೀಕ್ಷಿಸುವ ಸಲಕರಣೆ ಅದರೊಡನೆ ಬಂದಿರಲಿಲ್ಲ.

ಅದು ಬಂದುದು 1997ರಲ್ಲಿ, ಆಕಾಶದಲ್ಲಿ. ಕೆಂಟ್ ಬೆಕ್ ಎಂಬಾತ ಸ್ಮಾಲ್‌ಟಾಕ್ ಎಂಬ ಇನ್ನೊಂದು ಭಾಷೆಗೆ ಪರೀಕ್ಷೆಯ ಚೌಕಟ್ಟೊಂದನ್ನು ಮೊದಲೇ ರಚಿಸಿದ್ದ. ಆತನೂ ಎರಿಕ್ ಗಾಮಾ ಎಂಬಾತನೂ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಸಮ್ಮೇಳನವೊಂದಕ್ಕಾಗಿ ವಿಮಾನದಲ್ಲಿ ಹೋಗುವಾಗ, ಹೊತ್ತು ಕಳೆಯಲೆಂಬಂತೆ, ಒಬ್ಬರ ಪಕ್ಕದಲ್ಲಿ ಒಬ್ಬರು ಕುಳಿತು ಜಾವಾಕ್ಕೆ ಅಂತಹದೇ ಚೌಕಟ್ಟನ್ನು ಬರೆದರು. ಅದೇ ಜೆಯೂನಿಟ್. ಅದರಲ್ಲಿ ‘ಸೆಟಪ್’, ‘ಟೇರ್‌ಡೌನ್’ ಎಂಬ ಎರಡು ಮೆಥಡ್‌ಗಳಿದ್ದವು. ಪ್ರತಿ ಪರೀಕ್ಷೆಗೆ ಮೊದಲು ಒಂದು ತಾನಾಗಿ ನಡೆದು ಅಂಗಳ ಸಾರಿಸುತ್ತದೆ. ಪರೀಕ್ಷೆಯ ನಂತರ ಇನ್ನೊಂದು ತಾನಾಗಿ ನಡೆದು ಕಸ ಗುಡಿಸುತ್ತದೆ. ‘ಡಬ್ಬಿ ಖಾಲಿ ಮಾಡೀರೇನ್ರಿ’ ಎಂದು ಕೇಳಲು ಮುದುಕ ಏಜೆಂಟನೊಬ್ಬ ಎಲ್ಲ ಮತಗಟ್ಟೆಗಳಲ್ಲಿಯೂ ಇರುವುದಿಲ್ಲವಾದ್ದರಿಂದ, ಆ ಪ್ರಶ್ನೆಯನ್ನು ಅವರು ಚೌಕಟ್ಟಿನೊಳಕ್ಕೇ ಹಾಕಿಬಿಟ್ಟರು. ನಾನು ಇದನ್ನು ಓದಿದಾಗ ನಿಜಕ್ಕೂ ಅಸೂಯೆಪಟ್ಟೆ.

ನಮ್ಮಲ್ಲಿ ಈ ಕಸ ಗುಡಿಸುವ ಕೆಲಸ ಇಂದಿಗೂ ಮನುಷ್ಯನ ನೆನಪಿನ ಮೇಲೆಯೇ ನಿಂತಿದೆ. ಇಂದಿನ ನಿಯಮದಂತೆ ಮತದಾನಕ್ಕೆ 90 ನಿಮಿಷ ಮೊದಲು ಅಣಕು ಮತದಾನ ಆರಂಭವಾಗಬೇಕು. ಕನಿಷ್ಠ 50 ಮತಗಳನ್ನು, ನೋಟಾ ಸಹಿತವಾಗಿ ಪ್ರತಿ ಗುಂಡಿಗೂ ಕನಿಷ್ಠ ಒಂದನ್ನು, ಒತ್ತಬೇಕು. ವಿವಿಪ್ಯಾಟ್ ಪೆಟ್ಟಿಗೆಯೊಳಗೆ ಬಿದ್ದ ಚೀಟಿಗಳನ್ನು ತೆಗೆದು ಕಪ್ಪು ಲಕೋಟೆಯಲ್ಲಿ ಮುದ್ರೆ ಹಾಕಬೇಕು. ಎಲ್ಲಕ್ಕೂ ಪ್ರಮಾಣಪತ್ರಕ್ಕೆ ಸಹಿ ಬೀಳಬೇಕು. ತರಬೇತಿಯಲ್ಲಿ ಕ್ಲೋಸ್, ರಿಸಲ್ಟ್, ಕ್ಲಿಯರ್ ಎಂಬ ಮೂರರ ಮೊದಲಕ್ಷರ ಕೂಡಿಸಿ ‘ಸಿಆರ್‌ಸಿ’ ಎಂದು ಜಪ ಮಾಡಿಸುತ್ತಾರೆ. ಇಷ್ಟಾದರೂ ಮರೆಯುವವರಿದ್ದಾರೆ. ಅಣಕು ಮತಗಳನ್ನು ಅಳಿಸದ ಯಂತ್ರ ಎಣಿಕೆಯ ಮೇಜಿಗೆ ಬಂದರೆ ಏನು ಮಾಡಬೇಕೆಂದು ಚುನಾವಣಾ ಆಯೋಗವು ಲಿಖಿತ ಸೂಚನೆಯನ್ನೇ ಹೊರಡಿಸಬೇಕಾಯಿತೆಂದರೆ, 2004ರಲ್ಲಿ ನಾನೊಬ್ಬನೇ ದಡ್ಡನಾಗಿರಲಿಲ್ಲವೆಂದು ಸಮಾಧಾನಪಡುತ್ತೇನೆ.

ಎರಿಕ್ ಗಾಮಾನ ಹೆಸರು ಮತ್ತೊಂದು ಕಡೆಯೂ ಬರುತ್ತದೆ. ಆತ ಮತ್ತು ಇತರ ಮೂವರು ಕೂಡಿ 1994ರಲ್ಲಿ ತಂತ್ರಾಂಶ ವಿನ್ಯಾಸದ ಮಾದರಿಗಳನ್ನು ಕುರಿತ ಪ್ರಸಿದ್ಧ ಗ್ರಂಥವೊಂದನ್ನು ಪ್ರಕಟಿಸಿದ್ದರು. ಅದರಲ್ಲೊಂದು ಮಾದರಿಯ ಹೆಸರು ‘ಕಮಾಂಡ್’, ಆಜ್ಞೆ. ಮಾಡಬೇಕಾದ ಕೆಲಸವನ್ನು ಆಗಲೇ ಮಾಡಿಬಿಡದೆ ಒಂದು ವಸ್ತುವಾಗಿ ಕಟ್ಟಿಡುವುದು ಅದರ ತಿರುಳು. ಕಟ್ಟಿಟ್ಟ ಮೇಲೆ ಅದನ್ನು ಇನ್ನೊಬ್ಬರ ಕೈಗೆ ಕೊಡಬಹುದು, ಸಾಲಿನಲ್ಲಿ ನಿಲ್ಲಿಸಬಹುದು, ದಾಖಲೆ ಇಡಬಹುದು, ಬೇಕಾದಾಗ ನಡೆಸಬಹುದು, ಬೇಡವಾದರೆ ಬಿಡಬಹುದು. ಜೆಯೂನಿಟ್ಟಿನಲ್ಲಿ ಪ್ರತಿಯೊಂದು ಪರೀಕ್ಷೆಯೂ ಇಂತಹ ಒಂದು ವಸ್ತುವೇ. ಕ್ರಿಯೆಯನ್ನು ವಸ್ತುವಾಗಿಸಿದ ಇಂತಹವುಗಳಿಗೆ ‘ಫಂಕ್ಷನ್ ಆಬ್ಜೆಕ್ಟ್’ ಎಂದು ಸಾಮಾನ್ಯ ಹೆಸರು. ಜಾವಾದಲ್ಲಿ ಬಹುಕಾಲ ಮೆಥಡ್ ಎಂಬುದು ತಾನಾಗಿ ಎಲ್ಲಿಗೂ ಹೋಗಲಾರದಾಗಿತ್ತು. ಹಳೆಯ ಕಾಲದ ಗೌಡಸಾನಿಯಂತೆ ಮೇನೆಯಲ್ಲಿ ಕುಳಿತೇ ಹೊರಡಬೇಕು. ಆ ಮೇನೆಯೇ ಆಬ್ಜೆಕ್ಟ್.

ಇದರ ಉಪಯೋಗ ನನಗೆ ಮನದಟ್ಟಾದದ್ದು ನಮ್ಮ ಆಳಂದದ ಹೆಸರಿನಿಂದಲೇ. ಹಾಜರಿ ಪುಸ್ತಕದಲ್ಲಿ ಅಕಾರಾದಿಯಾಗಿ ಹೆಸರು ಬರೆಯುತ್ತಿದ್ದ ನನಗೆ, ಮೊಮ್ಮಗಳು ಆಹಾರ, ಆಳಂದ, ಆಸೆ ಎಂಬ ಮೂರು ಪದಗಳನ್ನು ಜಾವಾದಿಂದ ಕ್ರಮವಾಗಿ ಜೋಡಿಸಿ ತೋರಿಸಿದಳು. ಆಳಂದ ಮೊದಲು ಬಂದಿತು! ನಮ್ಮ ವರ್ಣಮಾಲೆಯಲ್ಲಿ ಳಕಾರ ಹಕಾರದ ನಂತರದ ಕಟ್ಟಕಡೆಯ ಅಕ್ಷರ. ಆಸೆ, ಆಹಾರ, ಆಳಂದ ಎಂದು ಬರಬೇಕು. ಆದರೆ ಯೂನಿಕೋಡಿನಲ್ಲಿ ಲ ಎಂಬುದರ ಸಂಖ್ಯೆ 3250, ಳ 3251, ಸ 3256, ಹ 3257. ಭಾರತದ ಲಿಪಿಗಳಿಗೆಲ್ಲ ಒಂದೇ ಅಚ್ಚು ಹಾಕಿದ್ದ ಹಿಂದಿನ ಇಸ್ಕಿ ವ್ಯವಸ್ಥೆಯಿಂದ ಬಂದ ಬಳುವಳಿಯಿದು. ಯಂತ್ರ ಸಂಖ್ಯೆಯನ್ನು ನೋಡುತ್ತದೆ, ಮಗ್ಗಿ ಕಲಿಸಿದ ಮಾಸ್ತರರನ್ನಲ್ಲ. ಇದಕ್ಕೆ ಪರಿಹಾರ 1998ರ ಡಿಸೆಂಬರಿನಲ್ಲಿ ಬಂದ ಜಾವಾ 1.2ರ ‘ಕಂಪ್ಯಾರೇಟರ್’. ಎರಡು ಪದಗಳಲ್ಲಿ ಯಾವುದು ಮುಂದು ಎಂಬ ತೀರ್ಮಾನವನ್ನೇ ಒಂದು ವಸ್ತುವಾಗಿ ಮಾಡಿ ಜೋಡಿಸುವವನ ಕೈಗೆ ಕೊಡುವುದು. ಜೋಡಿಸುವ ಯಂತ್ರ ಹಳೆಯದೇ; ನ್ಯಾಯ ಹೇಳುವವನು ಮಾತ್ರ ಕನ್ನಡದವನು. ಅವಳು ಅದನ್ನು ಬರೆದು ಕೊಟ್ಟೊಡನೆ ಆಳಂದ ತನ್ನ ಸ್ಥಾನಕ್ಕೆ ಹೋಗಿ ಕುಳಿತಿತು.

2014ರ ಮಾರ್ಚಿನಲ್ಲಿ ಬಂದ ಜಾವಾ 8ರಲ್ಲಿ ‘ಲ್ಯಾಂಬ್ಡಾ’ ಎಂಬ ಚಿಕ್ಕ ಬರವಣಿಗೆ ದೊರೆತು ಮೇನೆ ಹೊರುವ ಶ್ರಮ ತಪ್ಪಿತು. ಅದರಲ್ಲೊಂದು ಕಟ್ಟುನಿಟ್ಟಿದೆ: ಲ್ಯಾಂಬ್ಡಾವು ತನ್ನ ಸುತ್ತಲಿನ ಮೆಥಡ್ಡಿನ ಸ್ಥಳೀಯ ಚರಾಕ್ಷರಗಳನ್ನು ಓದಬಹುದೇ ಹೊರತು ಬದಲಿಸುವಂತಿಲ್ಲ. ಕಟ್ಟಿಟ್ಟ ಕ್ರಿಯೆ ಎಂದು ನಡೆದೀತೆಂಬುದು ತಿಳಿಯದಾದ್ದರಿಂದ ಈ ಎಚ್ಚರ. ಮುಂದೆ 2017ರ ಜೆಯೂನಿಟ್ 5ರಲ್ಲಿ, ನಡೆಯಬಾರದ ಕ್ರಿಯೆಯೊಂದನ್ನು ಹೀಗೆ ಕಟ್ಟಿ ಪರೀಕ್ಷಕನ ಕೈಗೆ ಕೊಟ್ಟು, “ಇದನ್ನು ನಡೆಸಿ ನೋಡು, ಯಂತ್ರ ನಿರಾಕರಿಸಬೇಕು” ಎನ್ನುವ ಅನುಕೂಲವಾಯಿತು. 300 ಇರುವ ಖಾತೆಯಿಂದ 1,000 ತೆಗೆಯಲು ಹೋದರೆ ಒಲ್ಲೆನ್ನಬೇಕು. ಒಲ್ಲೆಂದ ಮೇಲೂ 300 ಹಾಗೆಯೇ ಇರಬೇಕು. ಎರಡನೆಯದನ್ನು ನೋಡಲು ಹುಡುಗರು ಮರೆಯುತ್ತಾರಂತೆ. ಒಲ್ಲೆನ್ನುವ ಬಾಯಿ ಒಂದು ಕಡೆ, ತೆಗೆದುಕೊಳ್ಳುವ ಕೈ ಇನ್ನೊಂದು ಕಡೆ ಇರುವ ಜನರನ್ನು ನಾವು ಕಂಡಿಲ್ಲವೇ!

ಇಷ್ಟನ್ನೆಲ್ಲ ಓದಿದ ಮೇಲೆ ನಮ್ಮ ಆಳಂದ ಕ್ಷೇತ್ರದಲ್ಲಿ ನಡೆದ ಸಂಗತಿ ನನಗೆ ಬೇರೆಯೇ ಬೆಳಕಿನಲ್ಲಿ ಕಾಣತೊಡಗಿತು. ಮತದಾರರ ಪಟ್ಟಿಯಿಂದ ಹೆಸರು ತೆಗೆಯಲು ನಮೂನೆ 7 ಎಂಬ ಅರ್ಜಿಯಿದೆ. ಅರ್ಜಿ ಹಾಕಿದೊಡನೆ ಹೆಸರು ಹೋಗುವುದಿಲ್ಲ. ಅರ್ಜಿ ಎಂಬುದು ಕಟ್ಟಿಟ್ಟ ಆಜ್ಞೆ ಮಾತ್ರ. ಮತಗಟ್ಟೆ ಮಟ್ಟದ ಅಧಿಕಾರಿ, ನಾವೆಲ್ಲ ಬಿಎಲ್‌ಒ ಎನ್ನುವವರು, ಸ್ಥಳಕ್ಕೆ ಹೋಗಿ ನೋಡಬೇಕು, ನೋಂದಣಾಧಿಕಾರಿ ಆದೇಶಿಸಬೇಕು, ಆಮೇಲೆ ಪಟ್ಟಿಯ ಸ್ಥಿತಿ ಬದಲಾಗುತ್ತದೆ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಆಳಂದ ಕ್ಷೇತ್ರಕ್ಕೆ ಇಂತಹ 6,018 ಅರ್ಜಿಗಳು ಆನ್‌ಲೈನ್ ಮೂಲಕ ಬಂದವು. ಒಬ್ಬ ಬಿಎಲ್‌ಒ ಬಳಿಗೆ ತಮ್ಮ ಹತ್ತಿರದ ಸಂಬಂಧಿಯೊಬ್ಬರ ಹೆಸರನ್ನೇ ತೆಗೆಯುವ ಅರ್ಜಿ ಬಂದಿತ್ತು. ಅರ್ಜಿದಾರರೆಂದು ಹೆಸರಿದ್ದ ನೆರೆಯವರನ್ನು ಕೇಳಿದರೆ, ತಮಗೆ ಅದರ ಸುದ್ದಿಯೇ ಗೊತ್ತಿಲ್ಲವೆಂದರು. ಅಲ್ಲಿಂದ ಎಳೆ ಬಿಚ್ಚಿತು. ಮನೆಮನೆಗೆ ಹೋಗಿ ವಿಚಾರಿಸಿದಾಗ 6,018ರಲ್ಲಿ ನಿಜವಾದವು 24. ಉಳಿದ 5,994 ಸುಳ್ಳೆಂದು ತಿರಸ್ಕೃತವಾದವು. 2023ರ ಫೆಬ್ರುವರಿ 21ರಂದು ಆಳಂದ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. 2025ರ ಸೆಪ್ಟೆಂಬರಿನಲ್ಲಿ ಇದು ದೇಶದ ದೊಡ್ಡ ಚರ್ಚೆಯಾಗಿ, ರಾಜ್ಯ ಸರಕಾರ ವಿಶೇಷ ತನಿಖಾ ತಂಡವನ್ನು ನೇಮಿಸಿತು. ಯಾರು ಮಾಡಿದರು, ಯಾರು ಮಾಡಿಸಿದರು ಎಂಬುದು ನ್ಯಾಯಾಲಯ ಹೇಳಬೇಕಾದ ಮಾತು. ನಾನು ಅಲ್ಲಿಗೆ ಹೋಗುವುದಿಲ್ಲ.

ನನ್ನನ್ನು ಕಾಡುವುದು ಇನ್ನೊಂದು ಅಂಶ. ಆ 5,994 ಅರ್ಜಿಗಳು ರೂಪದಲ್ಲಿ ಸರಿಯಾಗಿಯೇ ಇದ್ದವು. ತಂತ್ರಾಂಶ ಅವನ್ನು ಸ್ವೀಕರಿಸಿತ್ತು. ಜಾವಾ 8ರಲ್ಲಿ ‘ಪ್ರೆಡಿಕೇಟ್’ ಎಂಬ ಫಂಕ್ಷನ್ ಆಬ್ಜೆಕ್ಟ್ ಉಂಟು, ಹೌದು ಅಲ್ಲ ಎಂದು ಮಾತ್ರ ಹೇಳುವಂಥದು. ಸಾವಿರಾರು ದಾಖಲೆಗಳನ್ನು ಅದರ ಮೂಲಕ ಜರಡಿ ಹಿಡಿಯಬಹುದು. ಆದರೆ ‘ಈ ಮನುಷ್ಯ ಈ ಮನೆಯಲ್ಲಿ ಇನ್ನೂ ಇದ್ದಾನೆಯೇ’ ಎಂಬ ಜರಡಿಯನ್ನು ಪರದೆಯ ಮುಂದೆ ಕುಳಿತು ಬರೆಯಲಾಗುವುದಿಲ್ಲ. ಪಟ್ಟಿಯ ಸ್ಥಿತಿ ಗಣಕದಲ್ಲಿದೆ. ಮನುಷ್ಯನ ಸ್ಥಿತಿ ಊರಿನಲ್ಲಿದೆ. ನಮ್ಮ ಭಾಗದಲ್ಲಿ ಎಷ್ಟೋ ಮನೆಗಳು ಸುಗ್ಗಿ ಮುಗಿದ ಮೇಲೆ ಬೀಗ ಹಾಕಿಕೊಂಡು ಪುಣೆ, ಮುಂಬಯಿಗಳಿಗೆ ದುಡಿಯಲು ಹೋಗುತ್ತವೆ. ಬೀಗ ಕಂಡು ‘ಇಲ್ಲ’ ಎಂದು ಬರೆದರೆ ತಪ್ಪು. ಬಿಎಲ್‌ಒಗಳಲ್ಲಿ ಬಹುಮಂದಿ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು. ಆ ಗೌರವಧನಕ್ಕೆ, ಆ ಬಿಸಿಲಿಗೆ, ಅಷ್ಟು ಬಾಗಿಲುಗಳನ್ನು ತಟ್ಟುವುದೆಂದರೇನೆಂದು ತಟ್ಟಿದವರಿಗೇ ಗೊತ್ತು. ಅರ್ಜಿಯನ್ನು ಬಂದಂತೆಯೇ ನಡೆಸಿಬಿಡುವ ವ್ಯವಸ್ಥೆ ಇದ್ದಿದ್ದರೆ, ಮತದಾನದ ದಿನ 5,994 ಮಂದಿ ಚೀಟಿ ಹಿಡಿದು ಬಂದು, ಪಟ್ಟಿಯಲ್ಲಿ ಹೆಸರಿಲ್ಲವೆಂದು ಕೇಳಿ ಮರಳುತ್ತಿದ್ದರು. ಆಗ ಮತಯಂತ್ರದ ಅಣಕು ಪರೀಕ್ಷೆ ನೂರಕ್ಕೆ ನೂರು ಸರಿಯಾಗಿಯೇ ಇರುತ್ತಿತ್ತು.

ಮೊಮ್ಮಗಳು ರಜೆ ಮುಗಿಯುವ ಮುನ್ನ ನನಗಾಗಿ ಒಂದು ಪುಟ್ಟ ಮತಯಂತ್ರವನ್ನು ಜಾವಾದಲ್ಲಿ ಬರೆದಳು. ಜಾವಾದಲ್ಲಿ ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲಿಯೂ ಇಡಬಹುದೆಂದು ನನಗೆ ತಿಳಿದದ್ದು ಆಗಲೇ. ‘ಮತಯಂತ್ರ’ ಎಂಬ ಕ್ಲಾಸು. ಅದಕ್ಕೆ ‘ಒತ್ತು’, ‘ಮುಗಿಸು’, ‘ಒಟ್ಟು’, ‘ಖಾಲಿಮಾಡು’ ಎಂಬ ಮೆಥಡ್‌ಗಳು. ನಾನು ಹೇಳಿದಂತೆ ಪರೀಕ್ಷೆಗಳನ್ನು ಸೇರಿಸಿದಳು: ಅಧಿಕಾರಿ ಅನುಮತಿ ಕೊಡದೆ ಎರಡನೆಯ ಸಲ ಒತ್ತಿದರೆ ಲೆಕ್ಕ ಏರಬಾರದು; ಮುಗಿಸಿದ ಮೇಲೆ ಒತ್ತಿದರೆ ಏರಬಾರದು; ‘ಒಟ್ಟು’ ಹತ್ತು ಸಲ ಕೇಳಿದರೂ ಬದಲಾಗಬಾರದು. ಎಲ್ಲವೂ ಪಾಸಾದವು. ಕೊನೆಯದೊಂದಕ್ಕೆ ಹೆಸರು ಏನಿಡಲಿ ಎಂದು ಕೇಳಿದಳು. ‘ಡಬ್ಬಿಖಾಲಿಮಾಡೀರೇನ್ರಿ’ ಎಂದೆ. ನಕ್ಕಳು, ಆದರೂ ಹಾಗೆಯೇ ಬೆರಳಚ್ಚಿಸಿ ಓಡಿಸಿದಳು. ಅದು ಮಾತ್ರ ಫೇಲಾಯಿತು. ಖಾಲಿಮಾಡು ಎಂಬುದರಲ್ಲಿ ಅಭ್ಯರ್ಥಿಗಳ ಲೆಕ್ಕವನ್ನು ಸೊನ್ನೆ ಮಾಡಿದ್ದಳು, ಒಟ್ಟು ಲೆಕ್ಕವನ್ನು ಮರೆತಿದ್ದಳು.